ಪಕ್ಕದ ಕೌಂಟಿಯಲ್ಲಿ ಕ್ಯಾನ್ಸರ್ ಸಾವು ಇಷ್ಟು ಜಾಸ್ತಿ ಯಾಕೆ? ಮನೆ ಕೊಳ್ಳಲು ಹೊರಟಿದ್ದೆವು, ಈಗ ಭಯ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾವು ಇರುವುದು ಅಮೆರಿಕದ ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ, ಅಲಾಚುವಾ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಏಳು ವರ್ಷದಿಂದ ಬಾಡಿಗೆ ಮನೆ. ಈ ವರ್ಷವಾದರೂ ಸ್ವಂತದ್ದು ಮಾಡಿಕೊಳ್ಳೋಣ ಅಂತ ಹುಡುಕಿದರೆ ಊರೊಳಗೆ ನಮ್ಮ ಕೈಗೆ ಎಟುಕುವಂಥದ್ದು ಒಂದೂ ಸಿಗಲಿಲ್ಲ. ಉತ್ತರಕ್ಕೆ ಹೋದರೆ ಲೇಕ್ ಬಟ್ಲರ್ ಅಂತ ಒಂದು ಸಣ್ಣ ಊರಿದೆ, ಅದು ಯೂನಿಯನ್ ಕೌಂಟಿಗೆ ಸೇರುತ್ತದೆ. ಅಲ್ಲಿ ಎರಡು ಎಕರೆ ಜಾಗದ ಮನೆಯೊಂದು ತುಂಬಾ ಇಷ್ಟವಾಯಿತು. ಹಿಂದೆ ದೊಡ್ಡ ಓಕ್ ಮರಗಳು, ಸ್ವಂತ ಬೋರ್‌ವೆಲ್. ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ "ನಮ್ಮ ತೀರ್ಥಹಳ್ಳಿ ಹಿತ್ತಲ ಹಾಗೇ ಇದೆಯಲ್ಲೇ" ಅಂದರು. ಅವರೂ ಬಂದು ನಮ್ಮ ಜೊತೆ ಇರುವವರು.

ನಿನ್ನೆ ರಾತ್ರಿ ಆ ಕೌಂಟಿ ಬಗ್ಗೆ ಸುಮ್ನೆ ಹುಡುಕುತ್ತಿದ್ದೆ. ಅಮೆರಿಕದ ಎಲ್ಲ ಕೌಂಟಿಗಳ ಕ್ಯಾನ್ಸರ್ ಸಾವಿನ ನಕ್ಷೆ ಸಿಕ್ಕಿತು. ಮೂರು ಸಾವಿರ ಚಿಲ್ಲರೆ ಕೌಂಟಿಗಳಲ್ಲಿ ಅತಿ ಹೆಚ್ಚು ಎಲ್ಲಿ ಗೊತ್ತಾ? ಇದೇ ಯೂನಿಯನ್ ಕೌಂಟಿ. 2014ರಲ್ಲಿ ಲಕ್ಷಕ್ಕೆ 503 ಸಾವು. ಅತಿ ಕಡಿಮೆ ಇರುವುದು ಕೊಲೊರಾಡೋದ ಸಮ್ಮಿಟ್ ಕೌಂಟಿಯಲ್ಲಿ, ಲಕ್ಷಕ್ಕೆ 71ರ ಹತ್ತಿರ. ಏಳು ಪಟ್ಟು ವ್ಯತ್ಯಾಸ! ನೋಡಿದ ಮೇಲೆ ನಿದ್ದೆ ಬರಲಿಲ್ಲ. ಅಮ್ಮನಿಗೆ 2019ರಲ್ಲಿ ಸ್ತನದ ಕ್ಯಾನ್ಸರ್ ಆಗಿ ವಾಸಿಯಾಗಿದೆ, ಹಾಗಾಗಿ ನನಗೆ ಈ ಪದ ಕೇಳಿದರೇ ಕೈಕಾಲು ತಣ್ಣಗಾಗುತ್ತದೆ.

ಅಲ್ಲಿನ ನೀರಲ್ಲಿ ಏನಾದರೂ ಇದೆಯಾ? ಇನ್ನೊಂದು ಪಟ್ಟಿಯಲ್ಲಿ ಸಮ್ಟರ್ ಕೌಂಟಿಯ ಸಾವಿನ ದರವೂ ಅಲಾಚುವಾಗಿಂತ ತುಂಬಾ ಜಾಸ್ತಿ ಇತ್ತು. ಒಂದೇ ರಾಜ್ಯದೊಳಗೆ ಇಷ್ಟು ವ್ಯತ್ಯಾಸ ಹೇಗೆ ಸಾಧ್ಯ? ಇದನ್ನೆಲ್ಲ ಓದುವುದು ಹೇಗೆ ಅಂತ ತಿಳಿದವರು ಹೇಳಿ ದಯವಿಟ್ಟು.

ಲೆಕ್ಕದಪುಸ್ತಕ:

ಅಕ್ಕ, ಮೊದಲು ಸಮ್ಟರ್ ವಿಷಯ ಹೇಳುತ್ತೇನೆ, ಅದು ಸುಲಭ. ಸಮ್ಟರ್‌ನಲ್ಲಿ 'ದಿ ವಿಲೇಜಸ್' ಅನ್ನುವ ದೊಡ್ಡ ನಿವೃತ್ತರ ಬಡಾವಣೆ ಇದೆ. ಇಡೀ ಅಮೆರಿಕದಲ್ಲೇ ಅತಿ ವಯಸ್ಸಾದ ಕೌಂಟಿ ಅದು. ಅಲ್ಲಿನ ಅರ್ಧಕ್ಕಿಂತ ಹೆಚ್ಚು ಜನ 65 ದಾಟಿದವರು. ನೀವಿರುವ ಅಲಾಚುವಾದಲ್ಲಿ ದೊಡ್ಡ ಯೂನಿವರ್ಸಿಟಿ ಇದೆ, ಹತ್ತಾರು ಸಾವಿರ ಹುಡುಗರು ಹುಡುಗಿಯರು. ಇಪ್ಪತ್ತರ ಹುಡುಗರ ಊರಲ್ಲೂ ಎಪ್ಪತ್ತರ ಹಿರಿಯರ ಊರಲ್ಲೂ ಸಾವು ಎಣಿಸಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಗೊತ್ತಾಗುತ್ತದೆ ಹೇಳಿ? ಎಲ್ಲಿ ಹಿರಿಯರಿದ್ದಾರೆ ಅನ್ನುವುದು ಗೊತ್ತಾಗುತ್ತದೆ, ಅಷ್ಟೇ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಸಂಖ್ಯೆಗಳು ನಾನೇ ಇಟ್ಟುಕೊಂಡವು, ಲೆಕ್ಕ ಸುಲಭ ಆಗಲಿ ಅಂತ. ಎರಡು ಕೌಂಟಿ, ಎರಡರಲ್ಲೂ ತಲಾ ಒಂದು ಲಕ್ಷ ಜನ. ಮೊದಲನೆಯದರಲ್ಲಿ ಹಿರಿಯರು 10,000, ಉಳಿದವರು 90,000. ಹಿರಿಯರಲ್ಲಿ ಸಾವಿರಕ್ಕೆ 50 ಜನ ಸಾಯುತ್ತಾರೆ, ಉಳಿದವರಲ್ಲಿ ಸಾವಿರಕ್ಕೆ 4. ಅಂದರೆ 500 ಮತ್ತು 360, ಒಟ್ಟು 860 ಸಾವು. ಎರಡನೆಯದರಲ್ಲಿ ಹಿರಿಯರು 50,000, ಉಳಿದವರು 50,000. ಇಲ್ಲಿ ಹಿರಿಯರಲ್ಲಿ ಸಾವಿರಕ್ಕೆ 40, ಉಳಿದವರಲ್ಲಿ ಸಾವಿರಕ್ಕೆ 3. ಅಂದರೆ 2,000 ಮತ್ತು 150, ಒಟ್ಟು 2,150. ಎರಡನೆಯ ಕೌಂಟಿಯಲ್ಲಿ ಎರಡೂವರೆ ಪಟ್ಟು ಸಾವು. ಆದರೆ ಇನ್ನೊಮ್ಮೆ ನೋಡಿ, ಹಿರಿಯರೂ ಅಲ್ಲೇ ಕಡಿಮೆ ಸಾಯುತ್ತಿದ್ದಾರೆ, ಕಿರಿಯರೂ ಅಲ್ಲೇ ಕಡಿಮೆ! ಬದುಕಲು ಆ ಊರೇ ಒಳ್ಳೆಯದು.

ಈಗ ಎರಡೂ ಕಡೆ ನೂರಕ್ಕೆ 20 ಹಿರಿಯರು, 80 ಉಳಿದವರು ಇದ್ದಿದ್ದರೆ ಅಂತ ಇಟ್ಟುಕೊಂಡು ಅದೇ ದರಗಳಿಂದ ಮತ್ತೆ ಲೆಕ್ಕ ಹಾಕಿ. ಮೊದಲನೆಯದಕ್ಕೆ ಲಕ್ಷಕ್ಕೆ 1,320, ಎರಡನೆಯದಕ್ಕೆ 1,040. ಪೂರ್ತಿ ತಿರುಗಿಬಿತ್ತು. ಇದನ್ನೇ ವಯಸ್ಸು ಹೊಂದಿಸಿದ ದರ ಅನ್ನುವುದು. ಅಮೆರಿಕದಲ್ಲಿ ಇದಕ್ಕೆ 2000ನೇ ಇಸವಿಯ ಜನಸಂಖ್ಯೆಯನ್ನು ಅಳತೆಗೋಲು ಮಾಡಿಕೊಂಡಿದ್ದಾರೆ. 1999ರ ಲೆಕ್ಕಕ್ಕೆ ಮುಂಚೆ 1940ರ ಜನಸಂಖ್ಯೆ ಇಟ್ಟುಕೊಂಡಿದ್ದರು, ಹಾಗಾಗಿ ಹಳೆಯ ವರದಿಯ ಸಂಖ್ಯೆಯನ್ನು ಹೊಸದರ ಪಕ್ಕ ಇಡಬೇಡಿ. ಡಬ್ಲ್ಯುಎಚ್‌ಒ ಬೇರೆಯದೇ ಅಳತೆಗೋಲು ಬಳಸುತ್ತದೆ, ಅದೂ ಇದಕ್ಕೆ ಕೂಡುವುದಿಲ್ಲ.

ಅಮೆರಿಕದ ಕೇಂದ್ರ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯ ವಂಡರ್ ಅನ್ನುವ ಜಾಲತಾಣದಲ್ಲಿ ಕೌಂಟಿ ಆರಿಸಿ, ವಯಸ್ಸು ಹೊಂದಿಸಿದ ದರವನ್ನೇ ಕೇಳಿ. ವಯಸ್ಸು ಹೊಂದಿಸದ ಕಚ್ಚಾ ದರ ನೋಡಿ ಯಾವ ಊರನ್ನೂ ಅಳೆಯಬೇಡಿ.

ತುಂಗಾತೀರ:

ತುಂಬಾ ಥ್ಯಾಂಕ್ಸ್, ಸಮ್ಟರ್ ಅರ್ಥವಾಯಿತು. ಲೆಕ್ಕವನ್ನು ನಾನೂ ಕಾಗದದ ಮೇಲೆ ಮಾಡಿ ನೋಡಿದೆ. ಆದರೆ ಯೂನಿಯನ್ ಕೌಂಟಿಯ ನಕ್ಷೆಯ ಕೆಳಗೆ ವಯಸ್ಸು ಹೊಂದಿಸಿದ್ದು ಅಂತ ಆಗಲೇ ಬರೆದಿದೆ! ವಯಸ್ಸು ಹೊಂದಿಸಿದ ಮೇಲೂ 503. ಅಂದರೆ ನನ್ನ ಭಯ ಹಾಗೇ ಉಳಿಯಿತು ಅಲ್ವಾ?

ನರ್ಸಮ್ಮ ಜಾಕ್ಸನ್‌ವಿಲ್:

ತುಂಗಾ, ಸ್ವಲ್ಪ ಉಸಿರು ಬಿಡಿ. ನಾನು ಈ ಕಡೆ ಹದಿನಾಲ್ಕು ವರ್ಷದಿಂದ ನರ್ಸ್. ಲೇಕ್ ಬಟ್ಲರ್‌ನಲ್ಲಿ ಏನಿದೆ ಅಂತ ನಿಮಗೆ ಮನೆ ತೋರಿಸಿದವರು ಹೇಳಲಿಲ್ವಾ? ಅಲ್ಲಿ ರಾಜ್ಯದ ಜೈಲು ಇಲಾಖೆಯ ರಿಸೆಪ್ಷನ್ ಅಂಡ್ ಮೆಡಿಕಲ್ ಸೆಂಟರ್ ಇದೆ, ಒಳಗೆ ಆಸ್ಪತ್ರೆಯೇ ಇದೆ. ರಾಜ್ಯದ ಬೇರೆ ಬೇರೆ ಜೈಲುಗಳಲ್ಲಿ ಗಂಡು ಕೈದಿಗಳಿಗೆ ದೊಡ್ಡ ಕಾಯಿಲೆ ಬಂದರೆ ಅಲ್ಲಿಗೆ ಕಳಿಸುತ್ತಾರೆ. ಕ್ಯಾನ್ಸರ್ ಕೊನೆಯ ಹಂತದಲ್ಲಿರುವವರೂ ಅಲ್ಲಿಗೇ ಬರುತ್ತಾರೆ. ಮಿಯಾಮಿಯವನು, ಟ್ಯಾಂಪಾದವನು, ಪೆನ್ಸಕೋಲಾದವನು, ಎಲ್ಲರೂ. ಅಲ್ಲೇ ತೀರಿಕೊಂಡರೆ ಆ ಸಾವು ಯೂನಿಯನ್ ಕೌಂಟಿಯ ನಿವಾಸಿಯ ಸಾವು ಅಂತ ಲೆಕ್ಕಕ್ಕೆ ಹೋಗುತ್ತದೆ.

ಆ ಕೌಂಟಿ ಎಷ್ಟು ಸಣ್ಣದು ಅಂದರೆ 2020ರ ಜನಗಣತಿಯಲ್ಲಿ 16,147 ಜನ. ಅದರಲ್ಲೂ ದೊಡ್ಡ ಪಾಲು ಕೈದಿಗಳೇ, ಯಾಕಂದರೆ ಜನಗಣತಿಯವರು ಕೈದಿಯನ್ನು ಅವನು ಇರುವ ಜೈಲಿನ ಊರಲ್ಲೇ ಎಣಿಸುತ್ತಾರೆ. ಅಂಥ ಪುಟ್ಟ ಕೌಂಟಿಗೆ ಎರಡು ಕೋಟಿಗಿಂತ ಹೆಚ್ಚು ಜನರಿರುವ ರಾಜ್ಯದ ಕಾಯಿಲೆ ಬಿದ್ದ ಕೈದಿಗಳನ್ನು ತಂದು ಸೇರಿಸಿದರೆ ದರ ಆಕಾಶಕ್ಕೆ ಹೋಗದೆ ಇನ್ನೇನಾಗುತ್ತದೆ? ವಯಸ್ಸು ಹೊಂದಿಸಿದರೆ ಇದು ಸರಿಹೋಗುವುದಿಲ್ಲ. ಐವತ್ತೈದರ ಆರೋಗ್ಯವಂತನನ್ನೂ, ಕ್ಯಾನ್ಸರ್ ಬಂತು ಅಂತಲೇ ಆ ಊರಿಗೆ ತಂದ ಐವತ್ತೈದರ ಕೈದಿಯನ್ನೂ ಆ ಲೆಕ್ಕ ಒಂದೇ ಅಂತ ನೋಡುತ್ತದೆ.

ನೀವೇ ಪರೀಕ್ಷೆ ಮಾಡಲು ಒಂದು ದಾರಿ ಇದೆ. ವಂಡರ್‌ನಲ್ಲಿ ಗಂಡಸರು, ಹೆಂಗಸರು ಅಂತ ಬೇರೆ ಮಾಡಿ ನೋಡಿ. ಆ ಜೈಲಾಸ್ಪತ್ರೆ ಗಂಡಸರದ್ದು. ನೀರಿನಲ್ಲಿ ದೋಷ ಇದ್ದರೆ ಅದು ಹೆಂಗಸರನ್ನು ಬಿಡುತ್ತದಾ? ಒಂದೇ ಬೋರ್‌ವೆಲ್ ನೀರು ಅಲ್ವಾ ಎಲ್ಲರೂ ಕುಡಿಯುವುದು.

ಆದರೂ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸದೆ ಮನೆ ಕೊಳ್ಳಬೇಡಿ, ಇದು ಬೇರೆ ಮಾತು. ಊರಿನ ನಲ್ಲಿ ನೀರಿಗೆ ಕೇಂದ್ರದ ಕಾನೂನಿದೆ, ಮನೆಯ ಸ್ವಂತ ಬೋರ್‌ವೆಲ್‌ಗೆ ಅದು ಅನ್ವಯಿಸುವುದಿಲ್ಲ. ಅಲ್ಲಿ ಮಾಲೀಕರೇ ನೋಡಿಕೊಳ್ಳಬೇಕು. ಬ್ಯಾಕ್ಟೀರಿಯಾ, ನೈಟ್ರೇಟ್ ಎರಡಂತೂ ಮಾಡಿಸಿ.

ಲೆಕ್ಕದಪುಸ್ತಕ:

ನರ್ಸಮ್ಮ ಹೇಳಿದ್ದು ಸರಿ. ಜೈಲಿನ ವಿಷಯ ನನಗೆ ಹೊಳೆಯಲೇ ಇಲ್ಲ. ಸಂಖ್ಯೆ ನೋಡಿದೆ, ಊರು ನೋಡಲಿಲ್ಲ.

ಇದರ ಜೊತೆ ಒಂದು ವಿಷಯ ಸೇರಿಸುತ್ತೇನೆ, ಮುಂದೆ ಬೇರೆ ಕೌಂಟಿ ನೋಡುವಾಗ ಬೇಕಾಗುತ್ತದೆ. ಸಣ್ಣ ಕೌಂಟಿಗಳ ದರ ವರ್ಷದಿಂದ ವರ್ಷಕ್ಕೆ ಸುಮ್ನೆ ಕುಣಿಯುತ್ತದೆ. ಫ್ಲಾರಿಡಾದ ಲಿಬರ್ಟಿ ಕೌಂಟಿಯಲ್ಲಿ ಎಂಟು ಸಾವಿರಕ್ಕೂ ಕಡಿಮೆ ಜನ. ಸಾವಿರಕ್ಕೆ 10 ಅಂತ ಇಟ್ಟುಕೊಂಡರೆ ವರ್ಷಕ್ಕೆ 80 ಸಾವು. ಯಾವ ಕಾರಣವೂ ಇಲ್ಲದೆ ಬರೀ ಆಕಸ್ಮಿಕವಾಗಿಯೇ ಅದು ಒಂದು ವರ್ಷ 62 ಆಗಬಹುದು, ಇನ್ನೊಂದು ವರ್ಷ 98 ಆಗಬಹುದು. ಸುಮಾರಾಗಿ ಸಾವಿನ ಸಂಖ್ಯೆಯ ವರ್ಗಮೂಲದ ಎರಡು ಪಟ್ಟು ಆ ಕಡೆ, ಎರಡು ಪಟ್ಟು ಈ ಕಡೆ. ಅದೇ ಮಿಯಾಮಿ-ಡೇಡ್‌ನಲ್ಲಿ 27 ಲಕ್ಷ ಜನ. ಅದೇ ದರದಲ್ಲಿ 27,000 ಸಾವು, ಆಕಸ್ಮಿಕ ಏರುಪೇರು ಮುನ್ನೂರು ಚಿಲ್ಲರೆ ಮಾತ್ರ. ಅಲ್ಲಿ ನೂರಕ್ಕೆ ಒಂದು ಪಾಲು, ಇಲ್ಲಿ ನೂರಕ್ಕೆ ಇಪ್ಪತ್ತೆರಡು. ಅದೂ ಎಲ್ಲ ಕಾರಣಗಳ ಸಾವು ಸೇರಿಸಿದಾಗ. ಒಂದೇ ಬಗೆಯ ಕ್ಯಾನ್ಸರ್ ತೆಗೆದುಕೊಂಡರೆ ವರ್ಷಕ್ಕೆ ಎರಡೋ ಮೂರೋ ಸಾವು. ಎರಡು ಇದ್ದದ್ದು ನಾಲ್ಕಾದರೆ ಪೇಪರ್‌ನಲ್ಲಿ ದುಪ್ಪಟ್ಟು ಅಂತ ಬರುತ್ತದೆ.

1980ರ ದಶಕದ ಕಿಡ್ನಿ ಕ್ಯಾನ್ಸರ್ ಸಾವಿನ ನಕ್ಷೆ ಇದಕ್ಕೆ ತುಂಬಾ ಹೆಸರಾದ ಉದಾಹರಣೆ. ದರ ಅತಿ ಹೆಚ್ಚಿರುವ ಕೌಂಟಿಗಳಿಗೆ ಬಣ್ಣ ಹಚ್ಚಿದರೆ ಅಮೆರಿಕದ ನಡುಭಾಗದ ಜನ ವಿರಳವಾಗಿರುವ ಹಳ್ಳಿಗಾಡೇ ತುಂಬಿಕೊಳ್ಳುತ್ತದೆ. ಓಹೋ, ಹಳ್ಳಿಯಲ್ಲಿ ಡಾಕ್ಟರ್ ಇಲ್ಲ, ಅದಕ್ಕೇ ಅಂತ ಅನಿಸುತ್ತದೆ. ಆಮೇಲೆ ದರ ಅತಿ ಕಡಿಮೆ ಇರುವ ಕೌಂಟಿಗಳಿಗೆ ಬಣ್ಣ ಹಚ್ಚಿ, ಅವೂ ಅದೇ ಹಳ್ಳಿಗಾಡು! ಜನ ಕಡಿಮೆ ಇರುವ ಕಡೆ ಎರಡು ತುದಿಗಳೂ ಬರುತ್ತವೆ, ಅಷ್ಟೇ ವಿಷಯ.

ವಂಡರ್‌ನವರು ಒಂದರಿಂದ ಒಂಬತ್ತರ ತನಕ ಸಾವು ಇದ್ದರೆ ಸಂಖ್ಯೆಯನ್ನೇ ತೋರಿಸುವುದಿಲ್ಲ, ಅದು ಸತ್ತವರ ಗುರುತು ಕಾಯುವುದಕ್ಕೆ. ಈ ಕುಣಿತದ ಕಾರಣಕ್ಕೇ, ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ ದರ ನಂಬಿಕೆಗೆ ಅರ್ಹವಲ್ಲ ಅಂತ ಪಕ್ಕದಲ್ಲೇ ಬರೆಯುತ್ತಾರೆ. ಐದು ವರ್ಷದ ಸಾವುಗಳನ್ನು ಒಟ್ಟಿಗೆ ಸೇರಿಸಿ ಕೇಳಿ, ಆಗ ಕುಣಿತ ಸ್ವಲ್ಪ ನಿಲ್ಲುತ್ತದೆ.

ಕೌಂಟಿ ಪಟ್ಟಿಗಳನ್ನು ಜೋಡಿಸುವ ಕೆಲಸ ಮಾಡುವವರು ಯಾರಾದರೂ ಇಲ್ಲಿದ್ದರೆ ಇದನ್ನೂ ನೋಡಿಕೊಳ್ಳಿ. ಸೌತ್ ಡಕೋಟಾದ ಶಾನನ್ ಕೌಂಟಿಗೆ 2015ರಲ್ಲಿ ಒಗ್ಲಾಲಾ ಲಕೋಟಾ ಅಂತ ಹೆಸರು ಬದಲಾಯಿತು, ಜೊತೆಗೆ ಪಟ್ಟಿಗಳಲ್ಲಿ ಕೌಂಟಿಯನ್ನು ಗುರುತಿಸುವ ಕೋಡ್ 46113 ಇದ್ದದ್ದು 46102 ಆಯಿತು. ಹಳೆಯ ಪಟ್ಟಿಗೆ ಹೊಸದು ಜೋಡಿಸಿದರೆ ಆ ಕೌಂಟಿ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದ ಕೌಂಟಿ ಅದೇ. ನನಗೆ ಹೀಗಾಗಿ ಎರಡು ದಿನ ಹುಡುಕಿದ್ದೇನೆ.

ಶಿರಸಿ ಮಾಣಿ:

ಜೈಲಾಸ್ಪತ್ರೆಯ ಮಾತು ಓದಿದಾಗ ನನಗೆ ಅಪ್ಪನ ನೆನಪಾಯಿತು. ವಿಷಯ ಫ್ಲಾರಿಡಾದ್ದು, ಆದರೂ ಹೇಳುತ್ತೇನೆ.

ನಮ್ಮದು ಉತ್ತರ ಕನ್ನಡ. ಅಪ್ಪನಿಗೆ ರಾತ್ರಿ ಹನ್ನೊಂದಕ್ಕೆ ಮೆದುಳಿನಲ್ಲಿ ರಕ್ತಸ್ರಾವ ಆಯಿತು. ಇಲ್ಲಿ ಆಗುವುದಿಲ್ಲ ಅಂದರು. ಆಂಬುಲೆನ್ಸ್‌ನಲ್ಲಿ ಘಟ್ಟ ಇಳಿದು, ಸಮುದ್ರದ ಬದಿಯ ಹೈವೇ ಹಿಡಿದು ಮಂಗಳೂರಿಗೆ ಹೋದೆವು. ನಾನು ದಾರಿಯುದ್ದಕ್ಕೂ ಅಪ್ಪನ ಕೈ ಹಿಡಿದುಕೊಂಡೇ ಕೂತಿದ್ದೆ, ಕುಂದಾಪುರ ದಾಟುವಾಗ ಬೆಳಕಾಗುತ್ತಿತ್ತು. ಮೂರನೇ ದಿನ ತೀರಿಕೊಂಡರು. ಮರಣ ಪತ್ರ ಮಂಗಳೂರಿನದ್ದು, ಯಾಕಂದರೆ ನಮ್ಮಲ್ಲಿ 1969ರ ಕಾನೂನಿನ ಪ್ರಕಾರ ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ ಆಗಬೇಕು. ಅಪ್ಪ ಒಂದು ದಿನವೂ ಬಾಳದ ಊರು ಅದು.

ನಮ್ಮ ಜಿಲ್ಲೆಯ ಎಷ್ಟೋ ಜನ ಹೀಗೇ ಮಂಗಳೂರು, ಮಣಿಪಾಲ, ಹುಬ್ಬಳ್ಳಿಗೆ ಹೋಗಿ ಅಲ್ಲೇ ಹೋಗುತ್ತಾರೆ. ಕಾಸರಗೋಡಿನವರೂ ಮಂಗಳೂರಿಗೇ ಬರುತ್ತಾರೆ. ನೋಂದಣಿಯ ಸಂಖ್ಯೆ ಮಾತ್ರ ನೋಡಿದವರಿಗೆ ದಕ್ಷಿಣ ಕನ್ನಡದಲ್ಲಿ ಸಾವು ಜಾಸ್ತಿ, ಉತ್ತರ ಕನ್ನಡದಲ್ಲಿ ಕಡಿಮೆ ಅಂತ ಕಾಣುತ್ತದೆ. ದೊಡ್ಡ ಆಸ್ಪತ್ರೆ ಇರುವ ಜಿಲ್ಲೆ ಕೆಟ್ಟದ್ದು, ಇಲ್ಲದ ಜಿಲ್ಲೆ ಒಳ್ಳೆಯದು ಅಂತ ಆಯಿತಲ್ಲ! ನೋಂದಣಿಯ ಫಾರಂನಲ್ಲಿ ಸತ್ತವರ ಊರು ಯಾವುದು ಅಂತ ಕೇಳುತ್ತಾರೆ, ಅದನ್ನು ತೆಗೆದು ಲೆಕ್ಕ ಹಾಕಿದರೆ ಸರಿಹೋದೀತು. ಭಾರತ ಸರ್ಕಾರದ ಎಸ್‌ಆರ್‌ಎಸ್ (ಮಾದರಿ ನೋಂದಣಿ) ಸಮೀಕ್ಷೆ ಕೊಡುವ ದರ ರಾಜ್ಯದ ಮಟ್ಟದ್ದು, ಜಿಲ್ಲೆಯದ್ದು ಅದರಲ್ಲಿ ಸಿಗುವುದಿಲ್ಲ.

ಅಮೆರಿಕದಲ್ಲಿ ಸತ್ತವರ ಸ್ವಂತ ಕೌಂಟಿಗೇ ಲೆಕ್ಕ ಹೋಗುತ್ತದೆ ಅಂತ ಕೇಳಿದ್ದೆ. ಹಾಗಾದರೆ ಕೈದಿಗಳ ವಿಷಯದಲ್ಲಿ ಯಾಕೆ ಹೀಗೆ?

ನರ್ಸಮ್ಮ ಜಾಕ್ಸನ್‌ವಿಲ್:

ಶಿರಸಿ ಮಾಣಿ, ಅಪ್ಪನ ವಿಷಯ ಓದಿ ಸಂಕಟವಾಯಿತು.

ಹೌದು, ಇಲ್ಲಿ ಮನೆ ಇರುವ ಕೌಂಟಿಗೇ ಲೆಕ್ಕ. ಅಲಾಚುವಾದ ದೊಡ್ಡ ಆಸ್ಪತ್ರೆಗಳಿಗೆ ಸುತ್ತಲಿನ ಕೌಂಟಿಗಳಿಂದ ಜನ ಬರುತ್ತಾರೆ, ಅಲ್ಲಿ ಸತ್ತರೂ ಅವರವರ ಕೌಂಟಿಗೇ ಹೋಗುತ್ತದೆ. ಮನೆಯ ವಿಳಾಸ ಹೇಳುವುದು ಮನೆಯವರು, ಬರೆದುಕೊಳ್ಳುವುದು ಅಂತ್ಯಕ್ರಿಯೆ ನಡೆಸುವವರು. ಕೈದಿ ವರ್ಷಗಟ್ಟಲೆ ಇರುವುದು ಜೈಲಿನಲ್ಲೇ, ಆದ್ದರಿಂದ ಜೈಲೇ ಅವನ ವಿಳಾಸ. ಚಳಿಗಾಲಕ್ಕೆ ಮಾತ್ರ ಫ್ಲಾರಿಡಾಕ್ಕೆ ಬರುವ ಮಿಷಿಗನ್, ಓಹಾಯೋ ಕಡೆಯ ಹಿರಿಯರ ವಿಷಯದಲ್ಲೂ ಇದೇ ತೊಡಕು. ಮಗಳು ಯಾವ ಮನೆಯ ವಿಳಾಸ ಹೇಳಿದಳೋ ಅದು.

ಗದಗಿನ ಗಾಳಿ:

ನನ್ನದು ಸ್ವಲ್ಪ ಬೇರೆ ಮಾತು. ಎಲ್ಲರೂ ಸೇರಿ 'ಅದು ಕೈದಿಗಳ ಸಾವು, ಚಿಂತೆ ಮಾಡಬೇಡಿ' ಅನ್ನುವ ಕಡೆ ಹೋಗುತ್ತಿದ್ದೀರಿ ಅನಿಸಿತು. ಮನೆ ಕೊಳ್ಳುವವರಿಗೆ ಆ ಉತ್ತರ ಸರಿ, ಒಪ್ಪುತ್ತೇನೆ. ಆದರೆ ಸತ್ತವರೂ ಯಾರದ್ದೋ ಅಪ್ಪ, ಯಾರದ್ದೋ ತಮ್ಮ. ಅವರಿಗೆ ಕ್ಯಾನ್ಸರ್ ಇದೆ ಅಂತ ಎಷ್ಟು ಬೇಗ ಗೊತ್ತಾಯಿತು, ಔಷಧಿ ಸಿಕ್ಕಿತಾ, ಆ ಪ್ರಶ್ನೆ ಯೂನಿಯನ್ ಕೌಂಟಿಯ ನೀರಿನದ್ದಲ್ಲ, ಇಡೀ ರಾಜ್ಯದ ಜೈಲುಗಳದ್ದು. ಕೌಂಟಿ ಅಂತ ಲೆಕ್ಕ ಹಾಕಿದ್ದರಿಂದ ಅವರ ಸಾವು ಒಂದು ಹಳ್ಳಿಯ ತಲೆಗೆ ಬಂತು, ಅವರನ್ನು ಕಳಿಸಿದ ಊರುಗಳ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ.

ಎರಡನೆಯದು, ಎಲ್ಲ ವ್ಯತ್ಯಾಸವೂ ಲೆಕ್ಕದ ಮೋಸ ಅಂತ ತಿಳಿಯಬೇಡಿ. ನಿಮ್ಮ ಹತ್ತಿರದಲ್ಲೇ ಸೇಂಟ್ ಜಾನ್ಸ್ ಕೌಂಟಿ ಮತ್ತು ಪುಟ್ನಮ್ ಕೌಂಟಿ ಪಕ್ಕಪಕ್ಕ ಇವೆ. ಒಂದು ರಾಜ್ಯದಲ್ಲೇ ಅನುಕೂಲಸ್ಥರ ಕೌಂಟಿ, ಇನ್ನೊಂದು ಬಡವರದ್ದು. ಪುಟ್ನಮ್‌ನ ಪಲಾಟ್ಕಾ ಪೇಟೆಯಲ್ಲಿ ಒಮ್ಮೆ ಓಡಾಡಿದರೆ ಕಣ್ಣಿಗೇ ಕಾಣುತ್ತದೆ, ಮುಚ್ಚಿದ ಅಂಗಡಿಗಳ ಸಾಲು. ವಯಸ್ಸು ಹೊಂದಿಸಿ, ಐದು ವರ್ಷ ಸೇರಿಸಿ, ಏನು ಬೇಕಾದರೂ ಮಾಡಿ, ಪುಟ್ನಮ್‌ನ ದರ ಮೇಲೇ ಇರುತ್ತದೆ. ಸಿಗರೇಟು, ಸಕ್ಕರೆ ಕಾಯಿಲೆ, ಇನ್ಶೂರೆನ್ಸ್ ಇಲ್ಲದೆ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡುವುದು, ಎಲ್ಲ ಸೇರಿ ಆದದ್ದು ಅದು.

ಲೆಕ್ಕದಪುಸ್ತಕ ಅವರು ಹೇಳಿದ ಒಗ್ಲಾಲಾ ಲಕೋಟಾ ಕೌಂಟಿಯನ್ನೇ ನೋಡಿ. ಪೈನ್ ರಿಡ್ಜ್ ಮೂಲನಿವಾಸಿಗಳ ನೆಲ ಅದು. 2014ರ ಲೆಕ್ಕದಲ್ಲಿ ಅಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯಸ್ಸು 66.8 ವರ್ಷ. ಸಮ್ಮಿಟ್ ಕೌಂಟಿಯಲ್ಲಿ 86.8. ಒಂದೇ ದೇಶದಲ್ಲಿ ಇಪ್ಪತ್ತು ವರ್ಷದ ಅಂತರ. ಅಲ್ಲಿ ಜೈಲಾಸ್ಪತ್ರೆಯ ಕಾರಣ ಇಲ್ಲ. ಸಮ್ಮಿಟ್‌ನದ್ದರಲ್ಲಿ ಮಾತ್ರ ಒಂದು ಮಾತಿದೆ. ಅದು ಎತ್ತರದ ಬೆಟ್ಟದ ಸ್ಕೀಯಿಂಗ್ ಊರು, ಗಟ್ಟಿಮುಟ್ಟಾಗಿರುವವರು ಬಂದು ನೆಲೆಸುವ ಜಾಗ. ಉಸಿರಾಟ ಕಷ್ಟವಾದ ಹಿರಿಯರು ಕೆಳಗಿನ ಊರಿಗೆ ಇಳಿಯುತ್ತಾರೆ. ಯೂನಿಯನ್‌ಗೆ ಕಾಯಿಲೆಯವರು ಬಂದು ಸೇರಿದ ಹಾಗೆ ಇಲ್ಲಿಂದ ಕಾಯಿಲೆಯವರು ಹೊರಟುಹೋಗುತ್ತಾರೆ. ತುಂಗಾ ಅವರು ಮೊದಲು ಹೇಳಿದ ಏಳು ಪಟ್ಟು ಅಂತರದ ಎರಡೂ ತುದಿಗಳಲ್ಲಿ ಇದೇ ಕೆಲಸ ಮಾಡಿರಬೇಕು ಅಂತ ನನ್ನ ಅನಿಸಿಕೆ.

ತುಂಗಾತೀರ:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ನಿನ್ನೆ ಸಂಜೆ ಮಕ್ಕಳು ಮಲಗಿದ ಮೇಲೆ ವಂಡರ್ ತೆಗೆದು ಕೂತೆ. ಮೊದಲ ಸಲ ತಪ್ಪು ರಾಜ್ಯ ಆರಿಸಿದ್ದೆ, ಆಮೇಲೆ ಸರಿಯಾಯಿತು. ಗಂಡಸರು ಹೆಂಗಸರು ಬೇರೆ ಮಾಡಿ ನೋಡಿದೆ. ನರ್ಸಮ್ಮ ಹೇಳಿದ ಹಾಗೇ, ಆ ಎತ್ತರದ ದರ ಗಂಡಸರದ್ದು. ಹೆಂಗಸರದ್ದು ಸುತ್ತಲಿನ ಹಳ್ಳಿ ಕೌಂಟಿಗಳ ಹತ್ತಿರವೇ ಇದೆ. ಅದನ್ನು ನೋಡಿದ ಮೇಲೆ ಎದೆ ಹಗುರಾಯಿತು.

ಗದಗಿನ ಗಾಳಿ ಅವರ ಮಾತು ಬೇರೆ ರೀತಿ ತಟ್ಟಿತು. ಮನೆ ನೋಡಲು ಹೋದ ದಿನ ಊರ ಹೊರಗೆ ಎತ್ತರದ ತಂತಿಬೇಲಿ ಕಂಡಿತ್ತು. ಏನೋ ಗೋಡೌನ್ ಇರಬೇಕು ಅಂದುಕೊಂಡಿದ್ದೆ. ಮಗಳು ಕೇಳಿದ್ದಳು, ನಾನು ಅದನ್ನೇ ಹೇಳಿದ್ದೆ. ಇನ್ನೊಮ್ಮೆ ಕೇಳಿದರೆ ಸರಿಯಾಗಿ ಹೇಳುತ್ತೇನೆ.

ನೀರಿನ ಸ್ಯಾಂಪಲ್‌ಗೆ ಇವತ್ತು ಬಾಟಲಿ ತಂದೆ. ಮಾಲೀಕರು ಶನಿವಾರ ಬೆಳಗ್ಗೆ ಬರಲು ಒಪ್ಪಿದ್ದಾರೆ. ನಲ್ಲಿಯನ್ನು ಐದು ನಿಮಿಷ ಬಿಟ್ಟು ಆಮೇಲೆ ಹಿಡಿಯಬೇಕಂತೆ, ಬಾಟಲಿ ಬಾಯಿಗೆ ಕೈ ತಾಗಬಾರದಂತೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕುತ್ತೇನೆ. ನೈಟ್ರೇಟ್ ಎಷ್ಟಿದ್ದರೆ ಪರವಾಗಿಲ್ಲ ನರ್ಸಮ್ಮ?

ನರ್ಸಮ್ಮ ಜಾಕ್ಸನ್‌ವಿಲ್:

ನಲ್ಲಿ ನೀರಿಗೆ ಇರುವ ಮಿತಿ ಲೀಟರಿಗೆ 10 ಮಿಲಿಗ್ರಾಂ, ನೈಟ್ರೋಜನ್ ಲೆಕ್ಕದಲ್ಲಿ. ಅದಕ್ಕಿಂತ ಕೆಳಗಿರಬೇಕು. ಬ್ಯಾಕ್ಟೀರಿಯಾದ್ದಕ್ಕೆ ಸ್ಯಾಂಪಲ್ ಹಿಡಿದ ಮೇಲೆ ತಣ್ಣಗೆ ಇಟ್ಟುಕೊಂಡು ಬೇಗ ಲ್ಯಾಬಿಗೆ ಮುಟ್ಟಿಸಬೇಕು. ಶನಿವಾರ ಲ್ಯಾಬ್ ತೆಗೆದಿರುತ್ತದಾ ಅಂತ ಮೊದಲು ಫೋನ್ ಮಾಡಿ ಕೇಳಿ. ಇಲ್ಲದಿದ್ದರೆ ಸೋಮವಾರಕ್ಕೆ ಬದಲಾಯಿಸಿಕೊಳ್ಳಿ.